ಟರ್ಬೊ ಹಾಕಿಸುವ ಮುನ್ನ ಎಂಜಿನಿನ ನಾಡಿ ಹಿಡಿದು ನೋಡಿ

ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಹಳೆಯ ಚಾಳಿನ ಮೇಲೆ ಇನ್ನೊಂದು ಮಾಳಿಗೆ ಏರಿಸುವ ಮಾತು ಬಂದರೆ ಕಂಬ, ತೊಲೆ, ತಳಪಾಯಗಳಲ್ಲಿ ಬಲ ಉಳಿದಿದೆಯೇ ಎಂದು ಮೊದಲು ನೋಡುತ್ತಾರೆ. ಇಪ್ಪತ್ತು ವರ್ಷ ಓಡಿದ ಕಾರಿನ ಎಂಜಿನಿಗೆ ಟರ್ಬೊ ಕೂರಿಸಲು ಹೊರಡುವವರಲ್ಲಿ ಮಾತ್ರ ಈ ಎಚ್ಚರ ಎಷ್ಟೋ ಸಲ ಕಾಣಿಸುವುದಿಲ್ಲ. ಕಿಟ್ ಯಾವುದು, ಎಷ್ಟು ಬೂಸ್ಟ್, ಎಷ್ಟು ಕುದುರೆಶಕ್ತಿ ಹೆಚ್ಚೀತು ಎಂಬ ಚರ್ಚೆ ಗಂಟೆಗಟ್ಟಲೆ ನಡೆಯುತ್ತದೆ. ಅದನ್ನು ಹೊರಬೇಕಾದ ಎಂಜಿನಿನ ಆರೋಗ್ಯ ಹೇಗಿದೆ ಎಂಬ ಪ್ರಶ್ನೆ ಕೊನೆಗೆ ಉಳಿಯುತ್ತದೆ.

ಮಾರುತಿ ಝೆನ್ 1993ರಲ್ಲಿ, ಎಸ್ಟೀಮ್ 1994ರಲ್ಲಿ, ಹೋಂಡಾ ಸಿಟಿ 1998ರಲ್ಲಿ, ಫೋರ್ಡ್ ಐಕಾನ್ 1999ರಲ್ಲಿ ನಮ್ಮ ರಸ್ತೆಗಳಿಗೆ ಬಂದವು. ತಂದೆ ಕಷ್ಟಪಟ್ಟು ಕೊಂಡ ಇಂತಹ ಕಾರು ಇಂದು ಮಗನ ಕೈಗೆ ಬಂದಿರುತ್ತದೆ. ಹಗುರವಾದ ಒಡಲು, ಚುರುಕಾದ ಎಂಜಿನ್ ಇರುವ ಈ ಕಾರುಗಳ ಮೇಲೆ ಯುವಕರಿಗೆ ಮೋಹ ಹುಟ್ಟುವುದು ಸಹಜ. ಆದರೆ ವಾರದ ದಿನಗಳಲ್ಲಿ ನಗರದ ಟ್ರಾಫಿಕ್ಕಿನಲ್ಲಿ ತೆವಳುವ ಅದೇ ಕಾರು ಗಣೇಶ ಚತುರ್ಥಿಗೋ ಊರಿನ ಜಾತ್ರೆಗೋ ಮನೆಮಂದಿಯನ್ನು ಕೂರಿಸಿಕೊಂಡು ಘಾಟಿಗಳನ್ನು ಏರಿ ಇಳಿದು ಕರಾವಳಿಗೆ ಹೋಗಿ ಬರಬೇಕು. ನಡುರಾತ್ರಿ ಘಾಟಿಯ ತಿರುವಿನಲ್ಲಿ ಪಿಸ್ಟನ್ ಒಡೆದು ನಿಂತರೆ ಕೈಬಿಡುವುದು ಹಣ ಮಾತ್ರವಲ್ಲ, ಕಾರಿನಲ್ಲಿರುವವರ ಸುರಕ್ಷತೆಯೂ ಹೌದು.

ಟರ್ಬೊ ಮಾಡುವುದೇನು?

ಎಂಜಿನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿನೊಳಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ತತ್ವವಿದು. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 14.7 ಪಿಎಸ್‌ಐ. ಟರ್ಬೊ ಇದರ ಮೇಲೆ 7 ಪಿಎಸ್‌ಐ ಸೇರಿಸಿತೆಂದರೆ ಒಳಹೋಗುವ ಗಾಳಿಯ ಒತ್ತಡ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ಅದಕ್ಕೆ ತಕ್ಕ ಪೆಟ್ರೋಲೂ ಉರಿಯಬೇಕು. ಆಗ ಪಿಸ್ಟನ್, ರಿಂಗ್, ಬೇರಿಂಗ್, ಹೆಡ್ ಗ್ಯಾಸ್ಕೆಟ್ ಎಲ್ಲದರ ಮೇಲೂ ಒತ್ತಡ ಮತ್ತು ಬಿಸಿ ಏರುತ್ತವೆ.

ಕಂಪನಿಯೇ ಟರ್ಬೊ ಜೋಡಿಸಿ ಮಾರುವ ಕಾರಿನಲ್ಲಿ ಇದನ್ನೆಲ್ಲ ಲೆಕ್ಕಹಾಕಿಯೇ ಎಂಜಿನ್ ರೂಪಿಸಿರುತ್ತಾರೆ. ಮಾರುತಿ 2017ರಲ್ಲಿ ತಂದ ಬಲೆನೊ ಆರ್‌ಎಸ್ ಕಾರಿನ ಒಂದು ಲೀಟರ್ ಎಂಜಿನ್ ಅಂಥದ್ದು. 1990ರ ದಶಕದ ಎಂಜಿನುಗಳು ತಾವಾಗಿ ಗಾಳಿ ಎಳೆದುಕೊಳ್ಳುವಂತೆ ರೂಪುಗೊಂಡವು. ಅವಕ್ಕೆ ಟರ್ಬೊ ಸೇರಿಸಿದಾಗ ಇದ್ದ ಬಲ ಹೆಚ್ಚುವಂತೆ ಇದ್ದ ದೌರ್ಬಲ್ಯವೂ ಹೆಚ್ಚುತ್ತದೆ. ಸವೆದ ಎಂಜಿನನ್ನು ಟರ್ಬೊ ಹೊಸದು ಮಾಡುವುದಿಲ್ಲ. ಅದರ ಉಳಿದ ಆಯುಸ್ಸನ್ನು ಬೇಗ ಮುಗಿಸುತ್ತದೆ.

ಮೊದಲ ಪರೀಕ್ಷೆ ಕಂಪ್ರೆಷನ್

ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಬ್ಯಾಟರಿ ತುಂಬಿರಬೇಕು. ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಕಿಡಿ ಮತ್ತು ಪೆಟ್ರೋಲ್ ಎರಡನ್ನೂ ನಿಲ್ಲಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಯಬೇಕು. ಪ್ಲಗ್ಗಿನ ಜಾಗದಲ್ಲಿ ಕಂಪ್ರೆಷನ್ ಗೇಜ್ ಕೂರಿಸಿ ಸೆಲ್ಫ್ ಹೊಡೆದು ಎಂಜಿನನ್ನು ಐದಾರು ಸುತ್ತು ತಿರುಗಿಸಿ, ಮುಳ್ಳು ನಿಂತ ಅಂಕಿಯನ್ನು ಬರೆದುಕೊಳ್ಳಬೇಕು. ನಾಲ್ಕು ಸಿಲಿಂಡರುಗಳಿಗೂ ಇದೇ ಕ್ರಮ.

ಕಾರಿನ ಸರ್ವಿಸ್ ಮ್ಯಾನುಯಲ್ ಹೇಳುವ ಅಂಕಿಯೇ ಇಲ್ಲಿ ಅಂತಿಮ. ಅದಕ್ಕಿಂತಲೂ ಮುಖ್ಯವಾದದ್ದು ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ. ಅದು ಶೇ. 10ರ ಒಳಗಿದ್ದರೆ ಸಮಾಧಾನ, ಶೇ. 15 ಮೀರಿದರೆ ಸಂಶಯ. ಉದಾಹರಣೆಗೆ ಮೂರು ಸಿಲಿಂಡರುಗಳಲ್ಲಿ 175, 170, 172 ಬಂದು ನಾಲ್ಕನೆಯದರಲ್ಲಿ 140 ಬಂದಿತು ಎನ್ನೋಣ. ಇಂತಹ ಕಾರು ನಗರದೊಳಗೆ ದೊಡ್ಡ ತಕರಾರಿಲ್ಲದೆ ಓಡಬಹುದು, ಓಡಿಸುವವನಿಗೆ ಅನುಮಾನವೂ ಬಾರದಿರಬಹುದು. ಆದರೆ ಆ ನಾಲ್ಕನೆಯ ಸಿಲಿಂಡರ್ ಉಳಿದವುಗಳಿಗಿಂತ ಶೇ. 20ರಷ್ಟು ಹಿಂದಿದೆ. ಟರ್ಬೊ ಹಾಕಿದ ಮೇಲೆ ಮೊದಲು ಕೈಕೊಡುವುದು ಅದೇ.

ಇನ್ನೊಂದು ಮಾತು. ಈ ಅಂಕಿ ಊರಿನ ಎತ್ತರವನ್ನೂ ಅವಲಂಬಿಸಿದೆ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿವೆ. ಅಲ್ಲಿ ಗಾಳಿ ತೆಳುವಾದ್ದರಿಂದ ಮುಂಬಯಿಯಲ್ಲಿ 175 ತೋರಿಸುವ ಎಂಜಿನ್ ಪುಣೆಯಲ್ಲಿ 163ರ ಆಸುಪಾಸು, ಬೆಂಗಳೂರಿನಲ್ಲಿ 157ರ ಆಸುಪಾಸು ತೋರಿಸಿದರೆ ಗಾಬರಿಪಡಬೇಕಾಗಿಲ್ಲ.

ಸೋರಿಕೆ ಎಲ್ಲಿಂದ?

ಅಂಕಿ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಪರೀಕ್ಷಿಸಬೇಕು. ಅಂಕಿ ಚೆನ್ನಾಗಿ ಏರಿದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರಿನ ಗೋಡೆ ಸವೆದಿದೆ ಎಂದು ತಿಳಿಯಬಹುದು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು.

ಇದಕ್ಕಿಂತ ಖಚಿತವಾದದ್ದು ಲೀಕ್‌ಡೌನ್ ಟೆಸ್ಟ್. ಪಿಸ್ಟನ್ ಮೇಲ್ತುದಿಯಲ್ಲಿ, ಎರಡೂ ವಾಲ್ವ್ ಮುಚ್ಚಿರುವಾಗ ಕಂಪ್ರೆಸರಿನಿಂದ ಗಾಳಿ ತುಂಬಿ ಶೇಕಡಾ ಎಷ್ಟು ಸೋರುತ್ತಿದೆ ಎಂದು ಅಳೆಯುವ ಕ್ರಮವಿದು. ಶೇ. 10ರ ಒಳಗಿದ್ದರೆ ಉತ್ತಮ. ಶೇ. 20 ದಾಟಿದ ಎಂಜಿನಿಗೆ ಟರ್ಬೊ ಮಾತು ಬೇಡ. ಕಿವಿಗೊಟ್ಟರೆ ಸೋರುವ ಜಾಗವೂ ಗೊತ್ತಾಗುತ್ತದೆ. ಸೈಲೆನ್ಸರಿನಲ್ಲಿ ಬುಸುಗುಟ್ಟಿದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಕಡೆಯಿಂದ ಕೇಳಿಸಿದರೆ ಇನ್‌ಟೇಕ್ ವಾಲ್ವ್, ಆಯಿಲ್ ತುಂಬುವ ಬಾಯಿಯಿಂದ ಬಂದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್, ಇಲ್ಲವೇ ಹೆಡ್‌ನಲ್ಲಿ ಬಿರುಕು.

ಆಯಿಲ್, ನೀರು, ಹೊಗೆ

ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಅದನ್ನು ಕಾಯುವುದು ಎಂಜಿನಿನಿಂದಲೇ ಬರುವ ಆಯಿಲಿನ ತೆಳು ಪೊರೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಉರಿಯುತ್ತಿಲ್ಲ ಎಂದು ಸುಮ್ಮನಿರುವಂತಿಲ್ಲ. ಒತ್ತಡ ತೀರಾ ಕುಸಿದ ಮೇಲೆಯೇ ಆ ದೀಪ ಹೊತ್ತಿಕೊಳ್ಳುವುದು. ಬೇರೆ ಗೇಜ್ ಕೂರಿಸಿ, ಎಂಜಿನ್ ಪೂರ್ತಿ ಬಿಸಿಯಾದಾಗ ಪ್ರತಿ ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಒತ್ತಡ ಇದೆಯೇ ಎಂದು ನೋಡುವುದು ಗ್ಯಾರೇಜುಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಸಾವಿರ ಕಿ.ಮೀ.ಗೆ ಅರ್ಧ ಲೀಟರಿಗಿಂತ ಹೆಚ್ಚು ಆಯಿಲ್ ಕುಡಿಯುವ ಎಂಜಿನಿಗೆ ಮೊದಲು ರಿಪೇರಿ ಬೇಕು.

ಹೊಗೆಯೂ ಬಹಳಷ್ಟನ್ನು ಹೇಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಹಳತಾಗಿರಬಹುದು. ವೇಗ ಹೆಚ್ಚಿಸಿದಾಗಲೆಲ್ಲ ನೀಲಿ ಹೊಗೆ ಬಂದರೆ ರಿಂಗ್ ಸವೆದಿರಬಹುದು. ಬಿಸಿಯಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ಕೂಲೆಂಟ್ ಒಳಗೆ ಸೇರುತ್ತಿದೆ ಎಂದರ್ಥ. ಬಿಚ್ಚಿದ ಪ್ಲಗ್ಗಿನ ತುದಿ ತಿಳಿಗಂದು ಬಣ್ಣದಲ್ಲಿದ್ದರೆ ಸರಿ. ಅದರ ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ಚುಕ್ಕೆಗಳು ಕಂಡರೆ ಪಿಸ್ಟನ್ ಈಗಾಗಲೇ ಪೆಟ್ಟು ತಿನ್ನುತ್ತಿದೆ.

ರೇಡಿಯೇಟರಿಗೆ ವರ್ಷಗಟ್ಟಲೆ ನಲ್ಲಿ ನೀರನ್ನೋ ಬೋರ್‌ವೆಲ್ ನೀರನ್ನೋ ಸುರಿದಿದ್ದರೆ ಒಳಗೆ ಕಿಟ್ಟ ಕಟ್ಟಿ ನೀರಿನ ದಾರಿ ಕಿರಿದಾಗಿರುತ್ತದೆ. ನಗರದಲ್ಲಿ ಬೂಸ್ಟ್ ಬರುವುದು ಕ್ಷಣಕಾಲ. ಎಕ್ಸ್‌ಪ್ರೆಸ್‌ವೇಯ ಖಂಡಾಲಾ ಏರಿನಲ್ಲಿ ಅದು ನಿಮಿಷಗಟ್ಟಲೆ ನಿಲ್ಲುತ್ತದೆ. ಪೇಟೆಯಲ್ಲಿ ಬಿಸಿಯಾಗದ ಎಂಜಿನ್ ಘಾಟಿಯಲ್ಲಿ ಕುದಿಯುವುದಕ್ಕೆ ಇದೇ ಕಾರಣ.

ಪೆಟ್ರೋಲಿನ ಪ್ರಶ್ನೆ

ಬೂಸ್ಟ್ ಇರುವಾಗ ಪೆಟ್ರೋಲ್ ಸಾಲದೆ ಹೋದರೆ ಉರಿ ಹಿಡಿತ ತಪ್ಪಿ ನಾಕಿಂಗ್ ಆಗುತ್ತದೆ. ಸುತ್ತಿಗೆಯ ಪೆಟ್ಟಿನಂತಹ ಆ ಹೊಡೆತಕ್ಕೆ ರಿಂಗ್ ಕೂರುವ ಅಂಚು ಸೀಳುತ್ತದೆ. ಹಳೆಯ ಪಂಪ್, ಕಟ್ಟಿದ ಫಿಲ್ಟರ್, ಅರ್ಧ ಮುಚ್ಚಿದ ಇಂಜೆಕ್ಟರ್ ಇದಕ್ಕೆ ದಾರಿ ಮಾಡಿಕೊಡುತ್ತವೆ. ಪಂಪಿನ ಒತ್ತಡವನ್ನೂ ಇಂಜೆಕ್ಟರುಗಳ ಹರಿವನ್ನೂ ಅಳೆದು ನೋಡುವುದು ಅಗತ್ಯ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 20 ಮುಟ್ಟಿದೆ. ಎಥನಾಲ್ ಬೆರೆತಾಗ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹಳೆಯ ರಬ್ಬರ್ ಪೈಪು, ಸೀಲ್‌ಗಳೂ ಬೇಗ ಹಾಳಾಗಬಹುದು. ಟ್ಯೂನಿಂಗ್ ಮಾಡುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಕಾನೂನು ಏನು ಹೇಳುತ್ತದೆ?

ಎಂಜಿನ್ ಗಟ್ಟಿಯಿದ್ದ ಮಾತ್ರಕ್ಕೆ ರಸ್ತೆಗಿಳಿಯಲು ಅಪ್ಪಣೆ ಸಿಕ್ಕಂತಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ನಿಯಮಬಾಹಿರ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದು. ವಿಮಾ ಕಂಪನಿಗೆ ತಿಳಿಸದೆ ಎಂಜಿನ್ ಬದಲಿಸಿದರೆ ಅಪಘಾತದ ಹೊತ್ತಿನಲ್ಲಿ ಪರಿಹಾರಕ್ಕೆ ತೊಡಕಾದೀತು. ಆದುದರಿಂದ ಆರ್‌ಟಿಒ ಮತ್ತು ವಿಮಾ ಕಂಪನಿ ಎರಡರಿಂದಲೂ ಬರಹದಲ್ಲಿ ಉತ್ತರ ಪಡೆಯುವುದು ಜಾಣತನ. ವೇಗದ ಹಂಬಲ ತೀರದವರಿಗೆ ಕೊಯಮತ್ತೂರಿನ ಕರಿ, ಚೆನ್ನೈ ಬಳಿಯ ಇರುಂಗಾಟುಕೋಟೈಯಂತಹ ರೇಸ್ ಟ್ರ್ಯಾಕುಗಳಿವೆ.

ಬೇಡ ಎನ್ನುವ ಉತ್ತರವೂ ಲಾಭವೇ

ಪರೀಕ್ಷೆಯ ಫಲ ಕೆಟ್ಟದಾಗಿ ಬಂದರೆ ನಿರಾಸೆಪಡಬೇಕಾಗಿಲ್ಲ. ಟರ್ಬೊಗೆಂದು ಕೂಡಿಟ್ಟ ಹಣದಲ್ಲಿ ರಿಂಗ್, ಬೇರಿಂಗ್, ವಾಲ್ವ್ ಸೀಲ್, ಟೈಮಿಂಗ್ ಬೆಲ್ಟ್ ಬದಲಿಸಿ, ರೇಡಿಯೇಟರ್ ಶುದ್ಧ ಮಾಡಿ, ಬ್ರೇಕ್ ಮತ್ತು ಟಯರುಗಳನ್ನು ಹೊಸದು ಮಾಡಿದರೆ ತಂದೆಯ ಕಾಲದ ಕಾರು ಮತ್ತೆ ಚುರುಕಾಗಿ ಓಡೀತು. ಸವೆತದಿಂದ ಕಳೆದುಹೋದ ಶಕ್ತಿ ಮರಳಿ ಬಂದಾಗ ಟರ್ಬೊ ಬೇಕೇ ಎಂಬ ಪ್ರಶ್ನೆಯೇ ಬಿದ್ದುಹೋಗುವುದೂ ಉಂಟು.

ಫಲ ಚೆನ್ನಾಗಿ ಬಂದರೂ ಕಡಿಮೆ ಬೂಸ್ಟಿನಿಂದ ಆರಂಭಿಸುವುದು ಲೇಸು. ಗೇಜಿನ ಮುಂದೆ ನಿಂತು ನಾಲ್ಕು ಅಂಕಿ ಬರೆಸಿಕೊಳ್ಳಲು ಒಂದು ಬೆಳಗು ಸಾಕು. ಆ ನಾಲ್ಕು ಅಂಕಿಗಳ ಚೀಟಿ ಕೈಗೆ ಬರುವವರೆಗೆ ಯಾವ ಕಿಟ್‌ಗೂ ಮುಂಗಡ ಕೊಡದಿರಿ.