ಹೆಪಾ ಫಿಲ್ಟರ್: ಹಿಡಿದ ಧೂಳಿಗಿಂತ ಸೋರಿದ ಧೂಳಿನ ಲೆಕ್ಕ ಮುಖ್ಯ

ಬೆಂಗಳೂರಿನ ಪಶ್ಚಿಮ ಭಾಗದ ನಂದಿನಿ ಲೇಔಟಿಗೆ ಒಂದು ಬದಿಯಲ್ಲಿ ಹೊರವರ್ತುಲ ರಸ್ತೆ, ಅದರಾಚೆಗೆ ಪೀಣ್ಯ ಕೈಗಾರಿಕಾ ಪ್ರದೇಶ. ಇಲ್ಲಿನ ಮನೆಗಳಲ್ಲಿ ಬೆಳಿಗ್ಗೆ ಗುಡಿಸಿ ಒರೆಸಿದ ನೆಲದ ಮೇಲೆ ಸಂಜೆಯೊಳಗೆ ಮತ್ತೆ ಧೂಳು ಕೂರುವುದು ಹೊಸ ಸಂಗತಿಯಲ್ಲ. ಆದ್ದರಿಂದಲೇ ‘ಹೆಪಾ ಫಿಲ್ಟರ್ ಉಳ್ಳದ್ದು’ ಎಂಬ ಚೀಟಿ ಹೊತ್ತ ವ್ಯಾಕ್ಯೂಮ್ ಕ್ಲೀನರುಗಳಿಗೆ ಗಿರಾಕಿಗಳು ಹೆಚ್ಚು ಬೆಲೆ ಕೊಡಲು ಸಿದ್ಧರಿದ್ದಾರೆ. ಆ ಹೆಚ್ಚುವರಿ ಬೆಲೆಗೆ ತಕ್ಕ ಪ್ರತಿಫಲ ದೊರೆಯುತ್ತಿದೆಯೇ ಎಂಬುದನ್ನು ಕೊಳ್ಳುವವರಂತೆಯೇ ಮಾರುವವರೂ ತಯಾರಿಸುವವರೂ ಅರಿತಿರುವುದು ಅಗತ್ಯ.

ಜರಡಿಯಲ್ಲ, ಬಲೆ

ಹೆಪಾ ಎಂಬುದು ‘ಹೈ ಎಫಿಷಿಯೆನ್ಸಿ ಪರ್ಟಿಕ್ಯುಲೇಟ್ ಏರ್’ ಎಂಬುದರ ಹ್ರಸ್ವರೂಪ. 1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯ ಕಾಲದಲ್ಲಿ ವಿಕಿರಣಶೀಲ ಕಣಗಳನ್ನು ತಡೆಯಲು ಈ ಬಗೆಯ ಫಿಲ್ಟರುಗಳು ರೂಪುಗೊಂಡವು. ಅತಿ ಸೂಕ್ಷ್ಮವಾದ ಗಾಜಿನ ಅಥವಾ ಪ್ಲಾಸ್ಟಿಕ್ ಎಳೆಗಳನ್ನು ಒತ್ತೊತ್ತಾಗಿ ಹರಡಿದ ಹಾಳೆಯನ್ನು ನೆರಿಗೆ ನೆರಿಗೆಯಾಗಿ ಮಡಿಸಿ ಚೌಕಟ್ಟಿನಲ್ಲಿ ಕೂರಿಸಲಾಗುತ್ತದೆ. ನೆರಿಗೆ ಹೆಚ್ಚಿದಷ್ಟೂ ಗಾಳಿ ಹಾಯುವ ವಿಸ್ತೀರ್ಣ ಹೆಚ್ಚಿ, ಯಂತ್ರದ ಎಳೆತಕ್ಕೆ ಅಡ್ಡಿ ಕಡಿಮೆಯಾಗುತ್ತದೆ.

ಇದು ಜರಡಿಯಂತೆ ರಂಧ್ರಕ್ಕಿಂತ ದೊಡ್ಡ ಕಣವನ್ನು ಮಾತ್ರ ಹಿಡಿಯುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ. ಭಾರವಾದ ಕಣಗಳು ಗಾಳಿಯೊಡನೆ ತಿರುಗಲಾರದೆ ನೇರವಾಗಿ ಹೋಗಿ ಎಳೆಗೆ ಬಡಿಯುತ್ತವೆ. ಮಧ್ಯಮ ಗಾತ್ರದವು ಎಳೆಯ ಪಕ್ಕದಲ್ಲೇ ಹಾಯುವಾಗ ತಗುಲಿ ಅಂಟಿಕೊಳ್ಳುತ್ತವೆ. ಅತಿ ಸಣ್ಣವು ಗಾಳಿಯ ಅಣುಗಳ ತಾಡನದಿಂದ ಅತ್ತಿತ್ತ ಅಲೆದಾಡುತ್ತ ಯಾವುದಾದರೊಂದು ಎಳೆಗೆ ಸಿಕ್ಕಿಬೀಳುತ್ತವೆ. ಈ ಕ್ರಿಯೆಗಳೆಲ್ಲವೂ ದುರ್ಬಲವಾಗುವುದು ಸುಮಾರು 0.3 ಮೈಕ್ರಾನಿನ ಆಸುಪಾಸಿನಲ್ಲಿ. ಅದಕ್ಕಿಂತ ದೊಡ್ಡದನ್ನೂ ಸಣ್ಣದನ್ನೂ ಹಿಡಿಯುವುದು ಸುಲಭ. ಆದಕಾರಣ ಹೆಪಾ ಪರೀಕ್ಷೆ ನಡೆಯುವುದು ಹಿಡಿಯಲು ಅತಿ ಕಠಿಣವಾದ ಈ ಗಾತ್ರದ ಕಣಗಳ ಮೇಲೆಯೇ. ವಾಸನೆ ಮತ್ತು ಅನಿಲಗಳನ್ನು ಮಾತ್ರ ಹೆಪಾ ತಡೆಯದು. ಅದಕ್ಕೆ ಸಕ್ರಿಯ ಇದ್ದಿಲಿನ ಪದರ ಬೇಕು.

ಶೇಕಡಾವಾರಿನ ಇನ್ನೊಂದು ಮುಖ

ಅಮೆರಿಕದ ಮಾನದಂಡದಂತೆ ಹೆಪಾ 0.3 ಮೈಕ್ರಾನಿನ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯಬೇಕು. ಯುರೋಪಿನ ಇಎನ್ 1822 ಮಾನದಂಡದಲ್ಲಿ ಎಚ್13 ವರ್ಗಕ್ಕೆ ಶೇ. 99.95, ಎಚ್14ಕ್ಕೆ ಶೇ. 99.995. ‘ಹೆಪಾ ಮಾದರಿ’ ಎಂದು ಮಾರಾಟವಾಗುವ, ಯಾವ ವರ್ಗವನ್ನೂ ನಮೂದಿಸದ ಫಿಲ್ಟರ್ ಶೇ. 99 ಎಂದರೆ ವ್ಯತ್ಯಾಸ ಅಲ್ಪವೆಂದೇ ತೋರುತ್ತದೆ. ಆದರೆ ಹಿಡಿದ ಕಣಗಳ ಬದಲು ತಪ್ಪಿಸಿಕೊಂಡ ಕಣಗಳನ್ನು ಎಣಿಸೋಣ. 10,000 ಕಣಗಳಲ್ಲಿ ಶೇ. 99.97ರ ಫಿಲ್ಟರಿನಿಂದ ಹೊರಬರುವುದು 3, ಶೇ. 99ರ ಫಿಲ್ಟರಿನಿಂದ 100. ಉಸಿರಾಡುವವರ ದೃಷ್ಟಿಯಲ್ಲಿ ಇದು ಮೂವತ್ತಮೂರು ಪಟ್ಟು.

ಇದಕ್ಕಿಂತ ಮುಖ್ಯವಾದುದು ಯಂತ್ರದ ಬಿಗಿತ. ಫಿಲ್ಟರ್ ನಿಜವಾದ ಎಚ್13 ಆಗಿದ್ದು, ಅದರ ಸುತ್ತಲಿನ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಶೇ. 5ರಷ್ಟು ಗಾಳಿ ಪಕ್ಕದಿಂದ ನುಸುಳಿತೆಂದು ಭಾವಿಸೋಣ. 10,000 ಕಣಗಳಲ್ಲಿ 500 ಫಿಲ್ಟರನ್ನು ಮುಟ್ಟದೆಯೇ ಹೊರಬೀಳುತ್ತವೆ. ಉಳಿದ 9,500ರಲ್ಲಿ ಫಿಲ್ಟರ್ ಬಿಡುವುದು ಸುಮಾರು 5. ಒಟ್ಟು 505. ಚೀಟಿಯ ಮೇಲೆ ಶೇ. 99.95, ಮನೆಯೊಳಗೆ ಸುಮಾರು ಶೇ. 95. ನೆಲದ ಮೇಲೆ ತಣ್ಣಗೆ ಕುಳಿತಿದ್ದ ನವಿರು ಧೂಳನ್ನು ಇಂತಹ ಯಂತ್ರ ಎತ್ತಿ ಉಸಿರಿನ ಮಟ್ಟಕ್ಕೆ ತೂರುತ್ತದೆ. ಆ ಮಟ್ಟಿಗೆ ಒದ್ದೆ ಬಟ್ಟೆಯಿಂದ ಒರೆಸುವ ನಮ್ಮ ರೂಢಿಯೇ ಮೇಲು.

ಐದು ವರ್ಷದ ಲೆಕ್ಕ

ಯಂತ್ರದ ಬೆಲೆಯೊಂದನ್ನೇ ವೆಚ್ಚವೆಂದು ತಿಳಿಯುವುದೂ ಸಾಮಾನ್ಯ ತಪ್ಪು. ಉದಾಹರಣೆಗೆ ಯಂತ್ರಕ್ಕೆ ರೂ. 8,000, ಬದಲಿ ಫಿಲ್ಟರಿಗೆ ರೂ. 1,200 ಎಂದಿಟ್ಟುಕೊಳ್ಳೋಣ. ವರ್ಷಕ್ಕೊಮ್ಮೆ ಬದಲಿಸಿದರೆ ಐದು ವರ್ಷದಲ್ಲಿ ನಾಲ್ಕು ಫಿಲ್ಟರ್ ಸೇರಿ ರೂ. 12,800. ಧೂಳು ಹೆಚ್ಚಿರುವೆಡೆ ಆರು ತಿಂಗಳಿಗೊಮ್ಮೆ ಬದಲಿಸಬೇಕಾದರೆ ಒಂಬತ್ತು ಫಿಲ್ಟರ್ ಸೇರಿ ರೂ. 18,800, ಯಂತ್ರಕ್ಕಿಂತ ಫಿಲ್ಟರಿನ ಖರ್ಚೇ ಅಧಿಕ. ಈ ಖರ್ಚು ಉಳಿಸಲು ಫಿಲ್ಟರನ್ನು ತೊಳೆಯುವವರಿದ್ದಾರೆ. ತೊಳೆಯಬಹುದೆಂದು ತಯಾರಕರು ಸ್ಪಷ್ಟವಾಗಿ ತಿಳಿಸದ ಹಾಳೆ ನೀರು ತಾಗಿದರೆ ಕೆಡುತ್ತದೆ. ಒದ್ದೆಯಾಗಿಯೇ ಕೂರಿಸಿದರೆ ಬೂಷ್ಟು ಹಿಡಿಯುತ್ತದೆ. ಬದಲಿ ಫಿಲ್ಟರ್ ದೊರೆಯದ ಯಂತ್ರ ಕೊನೆಗೆ ಅಟ್ಟ ಸೇರುವುದು ಖಚಿತ.

ಕಾರ್ಖಾನೆಯವರಿಗೊಂದು ಎಚ್ಚರಿಕೆ: ಗೃಹೋಪಯೋಗಿ ಯಂತ್ರವನ್ನು ಸಾಣೆ ಹಿಡಿದ ಅಲ್ಯೂಮಿನಿಯಂ ಪುಡಿಗಾಗಲಿ ಬಿಸಿ ಕಿಡಿಗಳಿಗಾಗಲಿ ಬಳಸಕೂಡದು, ಬೆಂಕಿ ಹೊತ್ತಿಕೊಳ್ಳುವ ಅಪಾಯವುಂಟು. ಅಪಾಯಕಾರಿ ಧೂಳಿಗಾಗಿಯೇ ಎಲ್, ಎಂ, ಎಚ್ ಎಂಬ ಪ್ರತ್ಯೇಕ ವರ್ಗದ ಔದ್ಯಮಿಕ ಯಂತ್ರಗಳಿವೆ. ಬೆಂಕಿ ಹತ್ತುವ ಪುಡಿಗೆ ಸ್ಫೋಟ ನಿರೋಧಕ ಯಂತ್ರವೇ ಬೇಕು.

ಚೀಟಿ ಅಂಟಿಸುವವರ ಹೊಣೆ

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಜಾರಿಗೆ ಬಂದುದು 2020ರ ಜುಲೈನಲ್ಲಿ. ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ ರೂ. 10 ಲಕ್ಷದವರೆಗೆ, ಪುನರಾವರ್ತನೆಯಾದರೆ ರೂ. 50 ಲಕ್ಷದವರೆಗೆ ದಂಡ ವಿಧಿಸಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅಧಿಕಾರವಿದೆ. ಬೇರೆಯವರು ತಯಾರಿಸಿದ ಸರಕಿಗೆ ತನ್ನ ಗುರುತು ಹಾಕಿ ಮಾರುವವನೂ ಈ ಕಾಯ್ದೆಯ ವ್ಯಾಖ್ಯೆಯಂತೆ ತಯಾರಕನೇ ಎಂಬುದನ್ನು ವರ್ತಕ ಬಾಂಧವರು ಮರೆಯಬಾರದು. ಹೊರಗಿನಿಂದ ಸರಕು ತರಿಸಿ ತಮ್ಮ ಹೆಸರಿನ ಪೆಟ್ಟಿಗೆಯಲ್ಲಿ ‘ಹೆಪಾ’ ಎಂದು ಮುದ್ರಿಸುವ ಮುನ್ನ ಮೂರು ಕಾಗದಗಳನ್ನು ಪೂರೈಕೆದಾರರಿಂದ ಕೇಳಿ ಪಡೆಯಬೇಕು: ಫಿಲ್ಟರಿನ ವರ್ಗ ನಮೂದಿಸಿದ ಪರೀಕ್ಷಾ ವರದಿ, ಇಡೀ ಯಂತ್ರದಿಂದ ಹೊರಬರುವ ಗಾಳಿಯ ಪರೀಕ್ಷಾ ವರದಿ ಮತ್ತು ಬದಲಿ ಫಿಲ್ಟರ್ ಪೂರೈಸುವ ಲಿಖಿತ ಭರವಸೆ.

ಸಣ್ಣ ಕೈಗಾರಿಕೆಗಳಿಗೆ ಇದರಲ್ಲೊಂದು ಅವಕಾಶವೂ ಇದೆ. ಫಿಲ್ಟರಿನ ಹಾಳೆ ತಯಾರಿಕೆಗೆ ಭಾರಿ ಬಂಡವಾಳ ಬೇಕಾಗಬಹುದು. ಆದರೆ ಯಂತ್ರದ ಗುಣ ಕೆಡುವುದು ಹೆಚ್ಚಾಗಿ ಚೌಕಟ್ಟು, ಮುಚ್ಚಳ ಮತ್ತು ಗ್ಯಾಸ್ಕೆಟ್‌ಗಳಲ್ಲಿ. ಅಚ್ಚಿನ ಪ್ಲಾಸ್ಟಿಕ್ ಮತ್ತು ರಬ್ಬರ್ ಬಿಡಿಭಾಗಗಳನ್ನು ಅಳತೆ ತಪ್ಪದಂತೆ ತಯಾರಿಸುವ ಕಸುಬು ನಂದಿನಿ ಲೇಔಟಿನ ನೆರೆಯ ಪೀಣ್ಯಕ್ಕೆ ಹೊಸದಲ್ಲ. ಕೆಲವೇ ರೂಪಾಯಿ ಬೆಲೆಯ ಗ್ಯಾಸ್ಕೆಟ್ ಬಿಗಿಯಾಗಿ ಕುಳಿತರೆ ಮಾತ್ರ ದುಬಾರಿ ಫಿಲ್ಟರಿಗೆ ತೆತ್ತ ಹಣ ಸಾರ್ಥಕ.