ಕಂಪ್ಯೂಟರಿಗೂ ಬೇಕು ಒಂದು ಪಾಲುಪಟ್ಟಿ

ಪಾರ್ಟಿಷನ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಬೆಳೆಗಾರರಿಗೆ ನೆನಪಾಗುವುದು ಅಣ್ಣತಮ್ಮಂದಿರ ಪಾಲು, ಮೋಜಣಿದಾರರ ಸರಪಳಿ, ಹಿಸ್ಸಾ ನಕ್ಷೆ. ಇಲ್ಲಿ ಹೇಳಹೊರಟಿರುವುದು ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ಪಾಲಿನ ವಿಚಾರ. ಎರಡಕ್ಕೂ ಹೋಲಿಕೆ ಬಹಳವಿದೆ. ಜಮೀನಿನ ಪಾಲನ್ನು ಬಲ್ಲವರಿಗೆ ಇದೇನೂ ಕಷ್ಟದ ವಿದ್ಯೆಯಲ್ಲ.

ಈಗ ಈ ಮಾತು ಎತ್ತಲು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಆ ಬಳಿಕ ನಮ್ಮ ಸದಸ್ಯರು ಹಲವರು ಹೊಸ ವಿಂಡೋಸ್ ಹಾಕಿಸಲೆಂದು ಯಂತ್ರವನ್ನು ರಿಪೇರಿ ಅಂಗಡಿಗೆ ಒಯ್ಯುತ್ತಿದ್ದಾರೆ. ಹೀಗೆ ಹೋಗಿ ಬಂದ ಒಬ್ಬ ಸದಸ್ಯರ ಯಂತ್ರ ಚುರುಕಾಗಿ ಓಡುತ್ತಿತ್ತು ನಿಜ. ಆದರೆ ಏಳು ವರ್ಷದ ಮಳೆ ಲೆಕ್ಕ, ಆಳುಗಳ ಹಾಜರಿ, ಬೋರ್ಡೋ ಸಿಂಪಡಿಸಿದ ತಾರೀಖುಗಳು ಎಲ್ಲವೂ ಅಳಿಸಿಹೋಗಿದ್ದವು. ಅಡಿಕೆ ಮಾರಿದ ಬಿಲ್ಲಿನ ನಕಲು ಸಂಘದಲ್ಲಿ ಸಿಕ್ಕೀತು. ಪಹಣಿಯನ್ನು ಮತ್ತೆ ತೆಗೆಸಬಹುದು. ಆದರೆ ನಮ್ಮ ತೋಟಕ್ಕೆ ಯಾವ ವರ್ಷ ಹೂಮಳೆ ಯಾವ ದಿನ ಬಂತು, ಎಷ್ಟು ಇಂಚು ಎಷ್ಟು ಸೆಂಟು ಬಿತ್ತು ಎಂಬುದನ್ನು ಯಾವ ಕಚೇರಿಯೂ ಮತ್ತೆ ಬರೆದುಕೊಡಲಾರದು.

ಪಾಲು ಎಂದರೇನು?

ಪಾಲು ಮಾಡುವುದೆಂದರೆ ಡಿಸ್ಕನ್ನು ಕತ್ತರಿಸುವುದಲ್ಲ, ನಡುವೆ ಗೋಡೆ ಕಟ್ಟುವುದೂ ಅಲ್ಲ. ಡಿಸ್ಕಿನ ಆರಂಭದಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ. ಯಾವ ಪಾಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಅದರಲ್ಲಿ ಬರೆದಿರುತ್ತದೆ. ಅದೇ ಡಿಸ್ಕಿನ ಪಾಲುಪಟ್ಟಿ. ಚಕ್ಕುಬಂದಿ ಇದೆ, ಬೇಲಿ ಇಲ್ಲ. ವಿಂಡೋಸ್ ಆ ಪಟ್ಟಿಯನ್ನು ಓದಿ ಒಂದೊಂದು ಪಾಲಿಗೆ ಒಂದೊಂದು ಅಕ್ಷರ ಕೊಟ್ಟು, ಪ್ರತ್ಯೇಕ ಡಿಸ್ಕೋ ಎಂಬಂತೆ ನಮಗೆ ತೋರಿಸುತ್ತದೆ.

ಮೊದಲ ಪಾಲು 'ಸಿ' ಏಕೆ, 'ಎ' ಏಕಲ್ಲ ಎಂದು ಕೇಳುವವರಿದ್ದಾರೆ. ಹಿಂದೆ 'ಎ' ಮತ್ತು 'ಬಿ' ಅಕ್ಷರಗಳು ಫ್ಲಾಪಿಗಳಿಗೆ ಮೀಸಲಾಗಿದ್ದವು. 1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿ ಯಂತ್ರದಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಇತ್ತು. ಅದಕ್ಕೆ ದೊರೆತದ್ದು ಮೂರನೆಯ ಅಕ್ಷರ. ಫ್ಲಾಪಿ ಹೋಯಿತು, ಹೆಸರು ಉಳಿಯಿತು.

ಪಾಲುಪಟ್ಟಿಯಲ್ಲಿ ಎರಡು ಪದ್ಧತಿಗಳುಂಟು. ಹಳೆಯದು ಎಂಬಿಆರ್. ಅದರಲ್ಲಿ ನಾಲ್ಕು ಮುಖ್ಯ ಪಾಲುಗಳಿಗಷ್ಟೇ ಜಾಗ. ಸುಮಾರು 2 ಟೆರಾಬೈಟಿಗಿಂತ ದೊಡ್ಡ ಡಿಸ್ಕನ್ನು ಅದು ಪೂರ್ತಿ ಅಳೆಯಲಾರದು. ಹೊಸದು ಜಿಪಿಟಿ. ಇದರಲ್ಲಿ ವಿಂಡೋಸ್ 128 ಪಾಲುಗಳವರೆಗೆ ಒಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿಯೂ ಇರುತ್ತದೆ. ಮೂಲಪತ್ರ ಕೆಟ್ಟರೆ ನಕಲು ಇದ್ದಂತೆ. ವಿಂಡೋಸ್ 11ಕ್ಕೆ ಅಧಿಕೃತವಾಗಿ ಬೇಕಾದದ್ದು ಈ ಹೊಸ ಪದ್ಧತಿಯೇ.

ಯಾವುದು ಎಲ್ಲಿರಬೇಕು?

ಯಂತ್ರದಲ್ಲಿ ಮೂರು ಬಗೆಯ ಸರಕು ಇರುತ್ತದೆ: ವಿಂಡೋಸ್, ನಾವು ಹಾಕಿಕೊಂಡ ಪ್ರೋಗ್ರಾಂಗಳು, ನಾವೇ ಬರೆದಿಟ್ಟ ಕಡತಗಳು. ವಿಂಡೋಸ್ 'ಸಿ'ಯಲ್ಲಿರುತ್ತದೆ. ಪ್ರೋಗ್ರಾಂಗಳನ್ನು 'ಡಿ'ಯಲ್ಲಿ ಹಾಕಿದರೆ ಅವೂ ಉಳಿಯುತ್ತವೆಂದು ಹಲವರು ನಂಬಿದ್ದಾರೆ. ಇದು ಸರಿಯಲ್ಲ. ಪ್ರೋಗ್ರಾಂ ಎಲ್ಲಿಯೇ ಇರಲಿ, ಅದರ ನೋಂದಣಿ ವಿಂಡೋಸಿನ ರಿಜಿಸ್ಟ್ರಿಯಲ್ಲಿ, ಅಂದರೆ 'ಸಿ'ಯಲ್ಲಿ ಇರುತ್ತದೆ. 'ಸಿ' ಅಳಿಸಿದಾಗ ನೋಂದಣಿಯೂ ಅಳಿಯುವುದರಿಂದ ಬಹುಪಾಲು ಪ್ರೋಗ್ರಾಂಗಳನ್ನು ಹೇಗಿದ್ದರೂ ಮತ್ತೆ ಹಾಕಬೇಕಾಗುತ್ತದೆ. ಆದುದರಿಂದ ಅವೂ 'ಸಿ'ಯಲ್ಲಿಯೇ ಇರಲಿ. 'ಡಿ'ಗೆ ಹೋಗಬೇಕಾದದ್ದು ನಮ್ಮ ಕಡತಗಳು. ಪ್ರೋಗ್ರಾಂ ಅನ್ನು ಮತ್ತೆ ಹಾಕಬಹುದು, ಕಡತವನ್ನು ಮತ್ತೆ ಬರೆಯಲಾಗದು.

ಇಲ್ಲಿ ಒಂದು ಸೂಕ್ಷ್ಮವಿದೆ. ತೆರೆಯ ಮೇಲೆ ಕಾಣುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಇವೆಲ್ಲ ಸಾಮಾನ್ಯವಾಗಿ 'ಸಿ'ಯ ಒಳಗೇ ಇರುತ್ತವೆ. 'ಡಿ' ಮಾಡಿಸಿ, ಲೆಕ್ಕವನ್ನು ಡೆಸ್ಕ್‌ಟಾಪಿನಲ್ಲಿ ಇಟ್ಟರೆ ಉಗ್ರಾಣ ಕಟ್ಟಿಸಿ ಅಡಿಕೆಯನ್ನು ಅಂಗಳದಲ್ಲೇ ಬಿಟ್ಟಂತೆ. ಡಾಕ್ಯುಮೆಂಟ್ಸ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಲೊಕೇಷನ್ ಎಂಬಲ್ಲಿ ಮೂವ್ ಕೊಟ್ಟರೆ ಅದನ್ನು 'ಡಿ'ಗೆ ಸಾಗಿಸಬಹುದು. ಟ್ಯಾಲಿ ಬಳಸುವವರು ದತ್ತಾಂಶದ ಫೋಲ್ಡರ್ ಎಲ್ಲಿದೆ ಎಂಬುದನ್ನು ಇಂದೇ ನೋಡಿಕೊಳ್ಳಲಿ.

ಎಷ್ಟೆಷ್ಟು ಪಾಲು?

500 ಜಿಬಿ ಎಂದು ಕೊಂಡ ಡಿಸ್ಕ್ 465 ಜಿಬಿ ಎಂದು ತೋರಿದರೆ ಅಂಗಡಿಯವನು ಮೋಸ ಮಾಡಿದನೆಂದು ತಿಳಿಯಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಅಳೆಯುತ್ತವೆ. ಸರಕು ಅಷ್ಟೇ, ಸೇರು ಬೇರೆ.

ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಎಂದು ಕಂಪನಿ ಹೇಳುತ್ತದೆ. ಅಷ್ಟೇ ಕೊಟ್ಟರೆ ಅಪ್‌ಡೇಟ್ ಬಂದಾಗಲೆಲ್ಲ ಉಸಿರುಗಟ್ಟುತ್ತದೆ. 465 ಜಿಬಿಯಲ್ಲಿ 'ಸಿ'ಗೆ 200, ಉಳಿದದ್ದು 'ಡಿ'ಗೆ ಎಂಬುದು ನಮ್ಮ ಸಲಹೆ. 256 ಜಿಬಿ ಡಿಸ್ಕಿನಲ್ಲಿ 'ಸಿ'ಗೆ 150 ಇರಲಿ. ನಮ್ಮ ಲೆಕ್ಕಪತ್ರಗಳಿಗೆ ಬೇಕಾಗುವ ಜಾಗ ಅಲ್ಪ. ಜಾಗ ತಿನ್ನುವುದು ಫೋಟೋ ಮತ್ತು ವಿಡಿಯೋ.

ಮಾಡುವ ಕ್ರಮ

ಮೊದಲು ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಈ ಕೆಲಸ ಆಗದೆ ಮುಂದಿನ ಹೆಜ್ಜೆ ಇಡಕೂಡದು. ವಿಂಡೋಸ್ ಗುಂಡಿಯನ್ನೂ ಎಕ್ಸ್ ಗುಂಡಿಯನ್ನೂ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಆರಿಸಿ. 'ಸಿ' ಮೇಲೆ ಬಲಗುಂಡಿ ಒತ್ತಿ ಶ್ರಿಂಕ್ ವಾಲ್ಯೂಮ್ ಕೊಡಿ. ಎಷ್ಟು ಬಿಡಿಸಬೇಕೆಂಬುದನ್ನು ಮೆಗಾಬೈಟಿನಲ್ಲಿ ಬರೆಯಿರಿ. 200 ಜಿಬಿ ಎಂದರೆ 204800. ಬಿಡಿಸಿದ ಜಾಗ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಅದರ ಮೇಲೆ ಬಲಗುಂಡಿ ಒತ್ತಿ ನ್ಯೂ ಸಿಂಪಲ್ ವಾಲ್ಯೂಮ್ ಆರಿಸಿ, ಎನ್‌ಟಿಎಫ್‌ಎಸ್ ಎಂದು ಇಟ್ಟು ಮುಗಿಸಿ. 'ಡಿ' ಅಕ್ಷರ ಡಿವಿಡಿಗೆ ಹೋಗಿದ್ದರೆ 'ಇ' ಸಿಗುತ್ತದೆ, ತೊಂದರೆಯಿಲ್ಲ.

ಶ್ರಿಂಕ್ ಮಾಡುವಾಗ ಜಾಗ ಬಿಡುಗಡೆಯಾಗುವುದು ಪಾಲಿನ ಹಿಂಬದಿಯಿಂದ ಮಾತ್ರ. ಅಲ್ಲಿ ಕದಲಿಸಲಾಗದ ಕಡತಗಳಿದ್ದರೆ, ಖಾಲಿ ಜಾಗ ಎಷ್ಟಿದ್ದರೂ ಸ್ವಲ್ಪವೇ ಸಿಕ್ಕೀತು. ಮುಂದೆ 'ಸಿ'ಯನ್ನು ದೊಡ್ಡದು ಮಾಡಬೇಕೆಂದರೂ ಅದಕ್ಕೆ ತಾಗಿಯೇ ಹಿಂದೆ ಖಾಲಿ ಜಾಗವಿರಬೇಕು. ನಡುವೆ ಬೇರೆಯವರ ಜಮೀನು ಇದ್ದರೆ ಆಚೆಯದನ್ನು ನಮ್ಮದಕ್ಕೆ ಕೂಡಿಸಿಕೊಳ್ಳಲಾಗುವುದಿಲ್ಲವಷ್ಟೆ. ಆದುದರಿಂದ ಮೊದಲೇ ಧಾರಾಳವಾಗಿ ಅಳೆದು ಕೊಡಿ.

ಎಚ್ಚರಿಕೆಗಳು

ಒಂದು: ಕೆಲಸದ ನಡುವೆ ವಿದ್ಯುತ್ ಹೋಗಬಾರದು. ಯುಪಿಎಸ್ ಇಲ್ಲದ ಯಂತ್ರದಲ್ಲಿ, ಮಳೆಗಾಳಿಯ ಸಂಜೆ ಇದಕ್ಕೆ ಕೈ ಹಾಕಬೇಡಿ.

ಎರಡು: ಪಟ್ಟಿಯಲ್ಲಿ ಅಕ್ಷರವಿಲ್ಲದ ಸಣ್ಣ ಪಾಲುಗಳು ಒಂದೆರಡು ಕಾಣುತ್ತವೆ. ಯಂತ್ರ ಶುರುವಾಗಲು ಬೇಕಾದದ್ದು ಒಂದು, ರಿಪೇರಿಗೆ ಬೇಕಾದದ್ದು ಒಂದು. ಅವನ್ನು ಮುಟ್ಟಬಾರದು.

ಮೂರು: ಹಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಬಿದ್ದಿರುತ್ತದೆ. ಹೊಸ ವಿಂಡೋಸ್ ಹಾಕಿದ ಮೇಲೆ 'ಡಿ'ಯನ್ನು ತೆರೆಯಲು 48 ಅಂಕಿಯ ಕೀಲಿ ಬೇಕಾಗಬಹುದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ನಾಲ್ಕು: ಅಂಗಡಿಗೆ ಒಯ್ಯುವಾಗ "'ಸಿ' ಮಾತ್ರ ಅಳಿಸಿ, 'ಡಿ' ಮುಟ್ಟಬೇಡಿ" ಎಂದರೆ ಸಾಲದು. ವಿಂಡೋಸ್ ಹಾಕುವಾಗಿನ ತೆರೆಯಲ್ಲಿ ಈ ಅಕ್ಷರಗಳು ಕಾಣುವುದಿಲ್ಲ. ಪಾರ್ಟಿಷನ್ 3, ಪಾರ್ಟಿಷನ್ 4 ಎಂದು ಅಂಕಿ ಮತ್ತು ಅಳತೆ ಕಾಣುತ್ತದೆ. ಆದುದರಿಂದ 'ಡಿ'ಗೆ ಮೊದಲೇ ಒಂದು ಹೆಸರು ಇಡಿ. ಆ ಹೆಸರನ್ನೂ ಅಳತೆಯನ್ನೂ ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿ ಕಳುಹಿಸಿ.

ಬಾವಿ ಒಂದೇ

ಎಲ್ಲಕ್ಕಿಂತ ದೊಡ್ಡ ಮಾತು ಇದು. ಪಾಲಾದ ಎರಡು ತೋಟಗಳಿಗೂ ಬಾವಿ ಒಂದೇ ಆದರೆ, ಬಾವಿ ಬತ್ತಿದ ದಿನ ಎರಡೂ ಒಣಗುತ್ತವೆ. 'ಸಿ'ಯೂ 'ಡಿ'ಯೂ ಒಂದೇ ಡಿಸ್ಕಿನ ಮೇಲಿವೆ. ಡಿಸ್ಕ್ ಕೆಟ್ಟರೆ, ಸಿಡಿಲಿಗೆ ಸುಟ್ಟರೆ, ಯಂತ್ರ ಕಳವಾದರೆ ಎರಡೂ ಹೋದಂತೆಯೇ. ವೈರಸ್ ಬಂದು ಕಡತಗಳಿಗೆ ಬೀಗ ಜಡಿದರೂ ಅದು 'ಡಿ'ಯನ್ನು ಬಿಡುವುದಿಲ್ಲ. ಪಾಲು ಮಾಡುವುದರಿಂದ ಸಿಗುವ ರಕ್ಷಣೆ ಒಂದೇ: ವಿಂಡೋಸ್ ಕೆಟ್ಟಾಗ, ಅಥವಾ ಬದಲಾಯಿಸುವಾಗ, ಕಡತಗಳು ಪಕ್ಕದಲ್ಲಿ ಉಳಿಯುತ್ತವೆ. ಮಿಕ್ಕ ಅಪಾಯಗಳಿಗೆ ಔಷಧ ಬೇರೆ ಡಿಸ್ಕಿನ ಮೇಲಿನ ನಕಲು.

ತಿಂಗಳಿಗೊಮ್ಮೆ 'ಡಿ'ಯನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಕೂಡಲೇ ತಂತಿ ಕಳಚಿಡಿ. ಸಿಕ್ಕಿಸಿಯೇ ಬಿಟ್ಟ ನಕಲಿಗೂ ಸಿಡಿಲು ತಾಗುತ್ತದೆ. ಇನ್ನೊಂದು ನಕಲು ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ. ಕಡತಗಳೆಲ್ಲ 'ಡಿ'ಯಲ್ಲಿ ಒಂದೇ ಕಡೆ ಇದ್ದರೆ ಈ ಕೆಲಸ ಹತ್ತು ನಿಮಿಷದ್ದು. ಪಾಲು ಮಾಡಿದ್ದರ ಎರಡನೆಯ ಲಾಭವೇ ಇದು. ಗುಡುಗು ಸಿಡಿಲಿನ ದಿನಗಳು ಶುರುವಾಗುವ ಮುನ್ನ ಸದಸ್ಯರೆಲ್ಲರೂ ಇಷ್ಟನ್ನು ಮಾಡಿ ಮುಗಿಸಬೇಕೆಂದು ವಿನಂತಿ.

— ಕಾರ್ಯದರ್ಶಿ