ಹರಿದ ಮತ್ತು ಗೆದ್ದಲು ತಿಂದ ನೋಟುಗಳು: ರೈತರು ಅರಿಯತಕ್ಕ ವಿಷಯಗಳು

ಸೊಪ್ಪು, ತರಕಾರಿ, ಹೂವು ಮೊದಲಾದವನ್ನು ಮಾರಿ ಜೀವಿಸುವ ರೈತರ ಕೈಗೆ ಬಂದ ನೋಟುಗಳು ಬಹುಬೇಗ ಕೆಡುತ್ತವೆ. ಕೆಂಗೇರಿಯ ಸುತ್ತಣ ಗ್ರಾಮಗಳಿಂದ ಬೆಳಗಿನ ಜಾವದಲ್ಲಿಯೇ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗಿಬರುವವರ ನೋಟುಗಳು ಒದ್ದೆಗೈಯಲ್ಲಿ ನೆನೆದು, ಸೊಂಟದ ಮಡಿಕೆಯಲ್ಲಿ ನುಗ್ಗಾಗಿ ಹರಿಯುವುವು. ಮನೆಯಲ್ಲಿ ಕೂಡಿಟ್ಟ ಹಣಕ್ಕೆ ಇಲಿ, ಗೆದ್ದಲು ಮತ್ತು ತೇವಗಳೆಂಬ ಮೂರು ಶತ್ರುಗಳುಂಟು. ಹೀಗೆ ಕೆಟ್ಟ ನೋಟು ನಿರರ್ಥಕವೆಂದು ಬಿಸಾಡುವವರೂ, ದಳ್ಳಾಳಿಗಳಿಗೆ ಅರ್ಧ ಬೆಲೆಗೆ ಕೊಟ್ಟುಬಿಡುವವರೂ ಇದ್ದಾರೆ. ಇವೆರಡೂ ವೃಥಾ ನಷ್ಟವೇ ಸರಿ.

ಗೆದ್ದಲು ನೋಟನ್ನು ತಿನ್ನುವುದೇತಕ್ಕೆ?

ನಮ್ಮ ದೇಶದ ನೋಟಿನ ಕಾಗದವನ್ನು ಹತ್ತಿಯ ನಾರಿನಿಂದ ಮಾಡುತ್ತಾರೆ. ಮೈಸೂರಿನಲ್ಲಿ ನೋಟು ಮುದ್ರಣಾಲಯವೂ, ನೋಟಿನ ಕಾಗದದ ಕಾರ್ಖಾನೆಯೂ ಇವೆ. ಹತ್ತಿಯ ನಾರು ಬಹುಮಟ್ಟಿಗೆ ಸೆಲ್ಯುಲೋಸ್ ಎಂಬ ವಸ್ತುವೇ ಆಗಿದೆ. ಮರದಲ್ಲಿ ಗೆದ್ದಲು ತಿನ್ನುವುದೂ ಇದನ್ನೇ. ಆದಕಾರಣ ಮಣ್ಣಿನ ನೆಲದ ಮೇಲೆ, ಗೋಡೆಗೆ ತಗುಲಿದಂತೆ ಇರಿಸಿದ ಪೆಟ್ಟಿಗೆಯೊಳಗಿನ ನೋಟಿನ ಕಟ್ಟು ಗೆದ್ದಲಿಗೆ ಒಳ್ಳೆಯ ಆಹಾರವಾಗುತ್ತದೆ. 2021ರಲ್ಲಿ ಆಂಧ್ರದ ಮೈಲವರದಲ್ಲಿ ವ್ಯಾಪಾರಿಯೊಬ್ಬರು ಮನೆ ಕಟ್ಟಲೆಂದು ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದ ಸುಮಾರು 5 ಲಕ್ಷ ರೂಪಾಯಿಯ ನೋಟುಗಳು ಗೆದ್ದಲಿನ ಪಾಲಾದ ಸಂಗತಿ ಪತ್ರಿಕೆಗಳಲ್ಲಿ ಪ್ರಕಟವಾಯಿತು.

ಕಾನೂನು ಹೇಳುವುದೇನು?

1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 28ನೆಯ ವಿಧಿಯಂತೆ, ಕಳೆದುಹೋದ ಅಥವಾ ಛಿದ್ರವಾದ ನೋಟಿನ ಹಣವನ್ನು ಹಕ್ಕಿನಿಂದ ಕೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅನುಗ್ರಹಪೂರ್ವಕವಾಗಿ ಹಣ ಕೊಡುವುದಕ್ಕೆ ಅದೇ ವಿಧಿಯಲ್ಲಿ ಅವಕಾಶವುಂಟು. ಇದಕ್ಕಾಗಿ 2009ರಲ್ಲಿ ನಿಯಮಗಳಾದುವು. 2018ರಲ್ಲಿ ಅವು ತಿದ್ದುಪಡಿಯಾದುವು.

ಬರಿಯ ಕೊಳೆಯಾದ ನೋಟನ್ನೂ, ಎರಡೇ ತುಂಡಾಗಿ ಯಾವ ಮುಖ್ಯ ಭಾಗವೂ ಹೋಗದಿರುವ ನೋಟನ್ನೂ ಬ್ಯಾಂಕಿನ ಶಾಖೆಯಲ್ಲಿ ಬದಲಾಯಿಸಿಕೊಳ್ಳಬಹುದು. ಒಬ್ಬರು ದಿನಕ್ಕೆ 20 ನೋಟುಗಳವರೆಗೆ, ಒಟ್ಟು 5,000 ರೂಪಾಯಿ ಮೀರದಂತೆ ತಂದರೆ ಯಾವ ಶುಲ್ಕವೂ ಇಲ್ಲ.

ಒಂದು ಭಾಗ ಹೋಗಿರುವ, ಇಲ್ಲವೆ ಎರಡಕ್ಕಿಂತ ಹೆಚ್ಚು ತುಂಡಾಗಿರುವ ನೋಟು ಛಿದ್ರ ನೋಟೆನಿಸುತ್ತದೆ. ಇಲ್ಲಿ ಅಳೆಯತಕ್ಕದ್ದು ಉಳಿದಿರುವ ತುಂಡುಗಳಲ್ಲಿ ಅತ್ಯಂತ ದೊಡ್ಡದಾದ ಒಂದೇ ಅಖಂಡ ತುಂಡನ್ನು. ಸಣ್ಣ ಚೂರುಗಳನ್ನೆಲ್ಲಾ ಕೂಡಿಸಿ ಲೆಕ್ಕ ಹಾಕುವುದಿಲ್ಲ. 20 ರೂಪಾಯಿ ಮತ್ತು ಅದಕ್ಕಿಂತ ಕಡಮೆಯ ನೋಟುಗಳಲ್ಲಿ ಈ ತುಂಡು ಅರ್ಧಕ್ಕಿಂತ ಹೆಚ್ಚಾಗಿದ್ದರೆ ಪೂರ್ತಿ ಹಣ. ಇಲ್ಲವಾದರೆ ಏನೂ ಇಲ್ಲ. 50 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನೋಟುಗಳಲ್ಲಿ ನೂರಕ್ಕೆ 80 ಭಾಗಕ್ಕಿಂತ ಹೆಚ್ಚಾಗಿದ್ದರೆ ಪೂರ್ತಿ ಹಣ. 40ರಿಂದ 80 ಭಾಗದವರೆಗೆ ಅರ್ಧ ಹಣ. 40ಕ್ಕೂ ಕಡಮೆಯಾದರೆ ಹಣವಿಲ್ಲ. ಒಂದೇ ನೋಟಿನ ಎರಡು ತುಂಡುಗಳು ಪ್ರತ್ಯೇಕವಾಗಿ ನೂರಕ್ಕೆ 40 ಭಾಗದಷ್ಟಾದರೂ ಇದ್ದರೆ ಆಗಲೂ ಪೂರ್ತಿ ಹಣ ದೊರೆಯುವುದು.

ಮನೆಯಲ್ಲಿಯೇ ಅಳೆಯುವ ರೀತಿ

500 ರೂಪಾಯಿ ನೋಟಿನ ಉದ್ದ 15 ಸೆಂಟಿಮೀಟರು, ಅಗಲ 6.6 ಸೆಂಟಿಮೀಟರು. ಅಗಲ ಪೂರ್ತಿಯಾಗಿದ್ದು ಒಂದು ತುದಿ ಮಾತ್ರ ಹೋಗಿದ್ದರೆ, ಉಳಿದ ಉದ್ದ 12 ಸೆಂಟಿಮೀಟರಿಗಿಂತ ತುಸು ಹೆಚ್ಚಿದ್ದರೆ ಪೂರ್ತಿ ಹಣ, 6 ಸೆಂಟಿಮೀಟರಿಗಿಂತ ತುಸು ಹೆಚ್ಚಿದ್ದರೆ ಅರ್ಧ ಹಣ ಬರುವುದೆಂದು ತಿಳಿಯಬಹುದು. ಒಬ್ಬ ರೈತನ ಬಳಿ ಇಂತಹ 5 ನೋಟುಗಳು ಕೆಟ್ಟಿವೆಯೆಂದು ಭಾವಿಸೋಣ. ಅವುಗಳಲ್ಲಿ ಮೂರಕ್ಕೆ ಪೂರ್ತಿ, ಎರಡಕ್ಕೆ ಅರ್ಧ ಹಣ ಸಂದರೆ 2,000 ರೂಪಾಯಿ ಕೈಸೇರುವುದು. ದಳ್ಳಾಳಿಯು ಅರ್ಧ ಬೆಲೆಯಂತೆ ಕೊಡುವುದು 1,250 ರೂಪಾಯಿ ಮಾತ್ರ. ಬ್ಯಾಂಕಿಗೆ ಹೋಗದ ಅಸಡ್ಡೆಗೆ ತೆತ್ತ ದಂಡ 750 ರೂಪಾಯಿ.

ಛಿದ್ರ ನೋಟುಗಳು ಐದರವರೆಗೆ ಇದ್ದರೆ ಸಾಮಾನ್ಯವಾಗಿ ಹತ್ತಿರದ ಶಾಖೆಯಲ್ಲಿಯೇ ತೀರ್ಮಾನವಾಗುತ್ತದೆ. ಹೆಚ್ಚು ನೋಟುಗಳಿದ್ದು ಮೊತ್ತವೂ 5,000 ರೂಪಾಯಿ ಮೀರಿದರೆ ಕರೆನ್ಸಿ ಚೆಸ್ಟ್ ಇರುವ ಶಾಖೆಗೆ ಹೋಗಬೇಕು. ಸುಟ್ಟು ಕರಿಕಾದ, ಮುಟ್ಟಿದರೆ ಪುಡಿಯಾಗುವ ಅಥವಾ ಬಿಡಿಸಲಾಗದಂತೆ ಅಂಟಿಕೊಂಡ ನೋಟುಗಳನ್ನು ಶಾಖೆಗಳಲ್ಲಿ ತೆಗೆದುಕೊಳ್ಳುವುದಿಲ್ಲ. ಅವುಗಳನ್ನು ಬೆಂಗಳೂರು ನೃಪತುಂಗ ರಸ್ತೆಯಲ್ಲಿರುವ ರಿಸರ್ವ್ ಬ್ಯಾಂಕಿನ ಕಚೇರಿಗೇ ಒಯ್ಯತಕ್ಕದ್ದು. ಕೆಂಗೇರಿ, ವಿಜಯನಗರಗಳ ಕಡೆಯವರು ಮೆಟ್ರೋ ರೈಲಿನಲ್ಲಿ ಸೆಂಟ್ರಲ್ ಕಾಲೇಜಿನ ಬಳಿಯ ನಿಲ್ದಾಣದಲ್ಲಿಳಿದರೆ ಈ ಕಚೇರಿ ದೂರವಲ್ಲ.

ಗಮನಿಸತಕ್ಕ ಅಂಶಗಳು

1. ಗೆದ್ದಲು ಹಿಡಿದ ಕಟ್ಟನ್ನು ಕೊಡವಿ, ಎಳೆದು ಬಿಡಿಸಕೂಡದು. ದೊಡ್ಡ ತುಂಡು ಒಡೆದರೆ ಬರತಕ್ಕ ಹಣವೂ ಕಡಮೆಯಾಗುವುದು. ಕಟ್ಟನ್ನು ಇದ್ದಂತೆಯೇ ಡಬ್ಬಿಯಲ್ಲಿಟ್ಟು ಒಯ್ಯಬೇಕು.

2. ನೆನೆದ ನೋಟುಗಳನ್ನು ನೆರಳಿನಲ್ಲಿ ಹರಡಿ ಒಣಗಿಸಬೇಕು.

3. ಬೇರೆ ಬೇರೆ ನೋಟುಗಳ ತುಂಡುಗಳನ್ನು ಅಂಟಿಸಿ ಒಂದು ನೋಟು ಮಾಡಕೂಡದು. ಅದು ಮೋಸವೆನಿಸುವುದು. ಬೇಕೆಂದೇ ಕತ್ತರಿಸಿದ ನೋಟಿಗೂ ಹಣವಿಲ್ಲ.

4. ರಾಜಕೀಯ ಘೋಷಣೆ ಬರೆದ ನೋಟಿಗೆ ಬೆಲೆಯಿಲ್ಲ. ಬಣ್ಣ ತಗುಲಿದ ಅಥವಾ ಬರಿಯ ಲೆಕ್ಕ ಬರೆದ ನೋಟನ್ನು ಬ್ಯಾಂಕಿಗೆ ಕಟ್ಟಬಹುದು.

5. 2016ರ ನವೆಂಬರಿನಲ್ಲಿ ರದ್ದಾದ ಹಳೆಯ 500 ಮತ್ತು 1,000 ರೂಪಾಯಿ ನೋಟುಗಳು ಇಡಿಯಾಗಿದ್ದರೂ ಅವುಗಳಿಗೆ ಈಗ ಹಣ ಸಿಕ್ಕುವುದಿಲ್ಲ.

6. ಶಾಖೆಯವರು ನಿರಾಕರಿಸಿದರೆ ಆ ಬ್ಯಾಂಕಿಗೆ ಲಿಖಿತವಾಗಿ ದೂರು ಕೊಡಬೇಕು. 30 ದಿನಗಳೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರಿಗೆ ಬರೆದುಕೊಳ್ಳಬಹುದು.

ಬೀಜದ ಧಾನ್ಯವನ್ನು ಹುಳ ಹಿಡಿಯದಂತೆ ಕಾಪಾಡುವ ರೈತನು ಹಣದ ವಿಷಯದಲ್ಲಿಯೂ ಅಷ್ಟೇ ಎಚ್ಚರದಿಂದಿರಬೇಕು. ದೊಡ್ಡ ಮೊತ್ತವನ್ನು ಬ್ಯಾಂಕಿನಲ್ಲಿಡುವುದೇ ಕ್ಷೇಮ. ಕೈಖರ್ಚಿನ ಹಣವನ್ನು ಮುಚ್ಚಳ ಭದ್ರವಾದ ತಗಡಿನ ಡಬ್ಬಿಯಲ್ಲಿ, ನೆಲಕ್ಕೂ ಗೋಡೆಗೂ ತಗುಲದಂತೆ ಇರಿಸಿ, ಆಗಾಗ್ಗೆ ತೆಗೆದು ನೋಡುತ್ತಿರಬೇಕು. ಓದುಬರಹವಿಲ್ಲದ ಮುದುಕರೂ ಹೆಂಗಸರೂ ಕೂಡಿಟ್ಟ ಹಣವೇ ಹೆಚ್ಚಾಗಿ ಹೀಗೆ ಹಾಳಾಗುವ ಸಂಭವವುಂಟಾದ್ದರಿಂದ, ಗ್ರಾಮದ ಮುಖಂಡರು ಈ ನಿಯಮಗಳನ್ನು ಅಂಥವರಿಗೆ ತಿಳಿಯಹೇಳಿ, ಅಗತ್ಯಬಿದ್ದರೆ ಬ್ಯಾಂಕಿನವರೆಗೂ ಜೊತೆಗೊಟ್ಟು ಕಳುಹಿಸಿದರೆ ಮಹದುಪಕಾರವಾಗುವುದು.